ತೋಳ ಕಂಡರೆ ಮಗಳು ಅಳ್ತಾಳೆ, ಮಗ ‘ಪಾಪುಗಳ ಪಾರ್ಕು’ ಅಂತಾನೆ: ಕಥೆ ಪಾರ್ಕಿಗೆ ಹೋಗೋದಾ, ಬೇಡವಾ?

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಎಂಟು. ಕಥೆಗಳ ಪಾತ್ರಗಳನ್ನೆಲ್ಲ ಸಿಮೆಂಟಿನಲ್ಲಿ ಮಾಡಿಟ್ಟಿರುವ ಒಂದು ಹಳೇ ಮಕ್ಕಳ ಪಾರ್ಕಿಗೆ ರಜೆಯಲ್ಲಿ ಹೋಗೋಣ ಅಂದುಕೊಂಡಿದ್ದೇವೆ. ಫೋಟೋ ನೋಡಿದರೆ ಅಲ್ಲಿನ ಬೊಂಬೆಗಳು ಸ್ವಲ್ಪ ವಿಚಿತ್ರವಾಗಿವೆ. ಮೊಲಕ್ಕೆ ಮೆಳ್ಳೆಗಣ್ಣು. ಬಣ್ಣ ಇಳಿದು ರಾಜಕುಮಾರಿಗೆ ಮೀಸೆ ಬಂದ ಹಾಗಿದೆ. ಮಗಳು ತೋಳದ ಚಿತ್ರ ಕಂಡರೂ ಅಳುತ್ತಾಳೆ. ಮಗ “ಅದು ಪಾಪುಗಳ ಪಾರ್ಕು, ನಾನು ಬರಲ್ಲ” ಅಂತಾನೆ. ನಮ್ಮ ಯಜಮಾನರು ದೊಡ್ಡ ದೊಡ್ಡ ರೈಡ್ ಇರೋ ಕಡೆ ಹೋಗೋಣ ಅಂತಾರೆ. ಮಂಡಿನೋವಿರುವ ಅತ್ತೆಯೂ ಜೊತೆಗೆ ಬರ್ತಾರೆ. ಹೋಗೋದು ಸರಿನಾ? ಹೋದರೆ ಹೇಗೆ ತಯಾರಿ ಮಾಡಿಕೊಳ್ಳಬೇಕು?

ಉತ್ತರ: ಹೋಗಿ. ಆದರೆ ಒಂದು ಷರತ್ತು. ಇಡೀ ಪಾರ್ಕು ನೋಡಿ ಮುಗಿಸಬೇಕು ಅನ್ನೋ ಆಸೆಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ಈ ಷರತ್ತು ನಾನು ಪೆಟ್ಟು ತಿಂದು ಕಲಿತದ್ದು. ಮಕ್ಕಳ ಓದು, ಮಕ್ಕಳ ಆಟ ಅಂತಲೇ ಎಷ್ಟೋ ವರ್ಷ ಕೆಲಸ ಮಾಡಿದವಳು ನಾನು. ಆದರೂ ನನ್ನ ಮಗಳಿಗೆ ನಾಲ್ಕು ವರ್ಷ ಇದ್ದಾಗ ಇಂಥದ್ದೇ ಒಂದು ಪಾರ್ಕಿಗೆ ನಕ್ಷೆ ಹಿಡಿದುಕೊಂಡೇ ಹೋಗಿದ್ದೆ. ಒಂದಾದ ಮೇಲೊಂದು ಕಥೆ, ಪ್ರತಿಯೊಂದರ ಮುಂದೆಯೂ ಒಂದು ಫೋಟೋ. ಅವಳು ಮಾತ್ರ ಬಾಗಿಲ ಹತ್ತಿರದ ಕಸದ ಡಬ್ಬಿ ಬಿಟ್ಟು ಕದಲಲಿಲ್ಲ. ಅದು ಬಾಯಿ ತೆರೆದುಕೊಂಡು ಕೂತ ಕಪ್ಪೆಯ ಆಕಾರದಲ್ಲಿತ್ತು. ಒಂದು ಒಣಎಲೆ ಹಾಕೋದು, ಬಗ್ಗಿ ಗಂಟಲೊಳಗೆ ಇಣುಕೋದು, ಓಡಿಹೋಗಿ ಇನ್ನೊಂದು ಎಲೆ ತರೋದು. ಐದು ನಿಮಿಷ ನೋಡಿ ನಾನು ಕೈಹಿಡಿದು ಎಳೆದುಕೊಂಡು ಹೋದೆ. ಆಮೇಲೆ ಕೋಟೆ, ಹಡಗು, ದೈತ್ಯ ಎಲ್ಲ ತೋರಿಸಿದೆ. ರಾತ್ರಿ ಮಲಗುವಾಗ ಅವಳು ಕೇಳಿದ್ದು ಒಂದೇ ಮಾತು: “ಕಪ್ಪೆಗೆ ಹೊಟ್ಟೆ ತುಂಬಿತಾ ಅಮ್ಮಾ?”

ಕಸದ ಡಬ್ಬಿ ಅಂತ ನಗಬೇಡಿ. ನೆದರ್ಲೆಂಡ್ಸ್‌ನ ಎಫ್ಟೆಲಿಂಗ್ ಪಾರ್ಕಿನಲ್ಲಿ ಹೊಲೆ ಬೊಲೆ ಹೈಸ್ ಅಂತ ಒಬ್ಬ ಹೊಟ್ಟೆಬಾಕ ಇದ್ದಾನೆ, ಅವನೂ ಬೊಂಬೆಯ ಆಕಾರದ ಕಸದ ಡಬ್ಬಿಯೇ. ಬಾಯಿ ಅಗಲಿಸಿಕೊಂಡು “ಕಾಗದ ಇಲ್ಲಿ” ಅಂತ ಡಚ್ಚಿನಲ್ಲಿ ಕೂಗುತ್ತಾನೆ. ಚೀಟಿ ಹತ್ತಿರ ಹಿಡಿದರೆ ಸರಕ್ಕನೆ ಒಳಗೆಳೆದುಕೊಂಡು ಥ್ಯಾಂಕ್ಸ್ ಹೇಳುತ್ತಾನೆ. ಅವನಿಗೆ ಕಾಗದ ತಿನ್ನಿಸೋಕೆ ಅಂತಲೇ ಮಕ್ಕಳು ನೆಲದಲ್ಲಿ ಚೀಟಿ ಹುಡುಕಿಕೊಂಡು ಓಡಾಡುತ್ತಾರೆ. ಅಲ್ಲಿನ ಕಥೆಗಳ ಕಾಡು ತೆರೆದದ್ದು 1952ರಲ್ಲಿ, ಹತ್ತು ಕಥೆಗಳಿಂದ. ಚಿತ್ರಕಾರ ಆಂಟನ್ ಪೀಕ್ ಅದರ ರೂಪ ಬರೆದುಕೊಟ್ಟರು. ಮಲಗಿರುವ ರಾಜಕುಮಾರಿಯ ಎದೆ ಉಸಿರಾಡಿದಂತೆ ಮೆಲ್ಲಗೆ ಏರಿಳಿಯುತ್ತದೆ. ಅದರ ಮುಂದೆ ಮಕ್ಕಳು ತಾವೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಒಂದು ಮೋಟಾರಿನ ಸಣ್ಣ ಅಲುಗಾಟ, ಅಷ್ಟೇ.

ಈಗ ಯಜಮಾನರ ಮಾತು. ದೊಡ್ಡ ರೈಡ್‌ಗಳಿಗೆ ಸಾಮಾನ್ಯವಾಗಿ ಒಂದು ಮೀಟರಿನಿಂದ 120 ಸೆಂ.ಮೀ. ತನಕ ಎತ್ತರ ಕೇಳುತ್ತಾರೆ. ಮೂರೂವರೆ ವರ್ಷದ ಮಗು ಒಂದು ಮೀಟರಿನ ಆಸುಪಾಸಿನಲ್ಲಿರುತ್ತದೆ. ಅಂದರೆ ಮಗ ರೈಡ್ ಹತ್ತುತ್ತಾನೆ, ಮಗಳು ಕೆಳಗೆ ನಿಂತು ಅಳುತ್ತಾಳೆ, ನಿಮ್ಮಲ್ಲೊಬ್ಬರು ಕ್ಯೂ, ಇನ್ನೊಬ್ಬರು ಸಮಾಧಾನ. ಮಗಳು ಇನ್ನೆರಡು ವರ್ಷ ದೊಡ್ಡವಳಾಗಲಿ, ಆಗ ಅಲ್ಲಿಗೂ ಹೋಗಿ. ರೈಡ್ ಪಾರ್ಕ್ ಎಲ್ಲಿಗೂ ಓಡಿಹೋಗಲ್ಲ. ಮೂರೂವರೆ ವರ್ಷ ಮಾತ್ರ ಓಡಿಹೋಗುತ್ತೆ.

ಆ ವಯಸ್ಸಿಗೂ ಕಥೆ ಪಾರ್ಕಿಗೂ ಒಂದು ಒಳ್ಳೇ ನಂಟಿದೆ. ಜೂಡಿ ಡಿಲೋಚ್ ಅನ್ನೋ ಅಮೆರಿಕದ ಮನೋವಿಜ್ಞಾನಿ 1987ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಒಂದು ಕೋಣೆ, ಅದರದ್ದೇ ಒಂದು ಪುಟಾಣಿ ಮಾದರಿ. ಮಗುವಿನ ಕಣ್ಣೆದುರೇ ಮಾದರಿಯೊಳಗೆ ಒಂದು ಚಿಕ್ಕ ಬೊಂಬೆ ಬಚ್ಚಿಡೋದು. “ದೊಡ್ಡ ಕೋಣೆಯಲ್ಲೂ ದೊಡ್ಡ ಬೊಂಬೆ ಅದೇ ಜಾಗದಲ್ಲಿದೆ, ಹುಡುಕು” ಅನ್ನೋದು. ಎರಡೂವರೆ ವರ್ಷದವರಲ್ಲಿ ಹೆಚ್ಚಿನವರಿಗೆ ಆಗಲಿಲ್ಲ. ಮೂರು ತುಂಬಿದವರು ಸೀದಾ ಹೋಗಿ ತೆಗೆದರು. ಒಂದು ವಸ್ತು ತಾನೂ ಆಗಿದ್ದು, ಇನ್ನೊಂದನ್ನೂ ತೋರಿಸಬಹುದು ಅನ್ನೋದು ಆ ಕೆಲವೇ ತಿಂಗಳಲ್ಲಿ ಹೊಳೆಯುತ್ತದೆ. ನಿಮ್ಮ ಮಗಳಿಗೆ ಆ ಬುದ್ಧಿ ಈಗಷ್ಟೇ ಬಂದಿದೆ. ಸಿಮೆಂಟಿನ ಕರಡಿ ಸಿಮೆಂಟೂ ಹೌದು, ಕಥೆಯ ಕರಡಿಯೂ ಹೌದು. ನಮಗೆ ಇದು ಹಳಸಿದ ಸಂಗತಿ, ಅವಳಿಗೆ ಹೊಚ್ಚಹೊಸದು.

ಡಿಲೋಚ್ ಮತ್ತು ಜೊತೆಗಾರರು 2004ರಲ್ಲಿ ಬರೆದ ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳು ಅಂಗೈಯಗಲದ ಆಟಿಕೆ ಕಾರಿನೊಳಗೆ ನಿಜವಾಗಿ ಕಾಲು ತುರುಕಲು ನೋಡುತ್ತಾರಂತೆ, ಆಟಕ್ಕಲ್ಲ. ಬೊಂಬೆಮನೆಯ ಕುರ್ಚಿ ಮೇಲೆ ಕೂರೋಕೆ ಹೋಗುತ್ತಾರಂತೆ. ನೀವೂ ಮನೆಯಲ್ಲಿ ನೋಡಿರುತ್ತೀರಿ, ಅಲ್ವಾ? ಕಥೆ ಪಾರ್ಕಿನಲ್ಲಿ ಆ ಕಾಲು ನಿಜಕ್ಕೂ ಒಳಗೆ ಹಿಡಿಸುತ್ತದೆ! ಬಾಗಿಲು ಅವಳ ಎತ್ತರಕ್ಕೇ ಇರುತ್ತದೆ, ಕಿಟಕಿ ಅವಳ ಗಲ್ಲದ ಮಟ್ಟಕ್ಕೆ. ಬಗ್ಗಬೇಕಾದವರು ನಾವು. ಅಮೆರಿಕದ ಓಕ್ಲೆಂಡಿನಲ್ಲಿ 1950ರಲ್ಲಿ ತೆರೆದ ಚಿಲ್ಡ್ರನ್ಸ್ ಫೇರಿಲ್ಯಾಂಡಿಗೆ ಒಂದು ದೊಡ್ಡ ಬೂಟಿನೊಳಗಿಂದ ಹೋಗಬೇಕು. ಮಕ್ಕಳು ನೆಟ್ಟಗೆ ನಡೆದುಹೋಗುತ್ತಾರೆ, ದೊಡ್ಡವರು ಸೊಂಟ ಬಗ್ಗಿಸಬೇಕು. ಜೊತೆಗೆ ಮಗು ಇಲ್ಲದ ದೊಡ್ಡವರನ್ನು ಒಳಗೆ ಬಿಡೋದೇ ಇಲ್ಲ. ವಾಲ್ಟ್ ಡಿಸ್ನಿ ತಮ್ಮ ಪಾರ್ಕ್ ಕಟ್ಟುವ ಮೊದಲು ಹೋಗಿ ನೋಡಿಬಂದ ಜಾಗಗಳಲ್ಲಿ ಇದೂ ಒಂದು.

ಇನ್ನು ಮೆಳ್ಳೆಗಣ್ಣು, ಮೀಸೆ. ಇಂಥ ಪಾರ್ಕುಗಳಲ್ಲಿ ಹಲವನ್ನು ಕಟ್ಟಿದ್ದು ದೊಡ್ಡ ಕಂಪನಿಗಳಲ್ಲ. ಯಾರೋ ಒಬ್ಬರಿಗೆ ಹುಚ್ಚು ಹಿಡಿದು ಕಟ್ಟಿದ್ದು. ಅಮೆರಿಕದ ಆರೆಗಾನ್‌ನಲ್ಲಿ ರೋಜರ್ ಟಾಫ್ಟಿ ಅನ್ನೋರು ಇದ್ದರು. ಹೆದ್ದಾರಿ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ. 1964ರಲ್ಲಿ ಗುಡ್ಡದ ಮೇಲೆ ಒಂದಿಷ್ಟು ಕಾಡುಜಾಗ ಕೊಂಡು, ಬಿಡುವಿದ್ದಾಗೆಲ್ಲ ಸಿಮೆಂಟ್ ಕಲೆಸಿ ಕಥೆಗಳನ್ನು ಕಟ್ಟತೊಡಗಿದರು. ಸುತ್ತಲಿನವರು ಅದನ್ನು ‘ಪೆದ್ದರ ಗುಡ್ಡ’ ಅಂತ ಆಡಿಕೊಂಡರು. ಏಳು ವರ್ಷ ಬಿಟ್ಟು 1971ರಲ್ಲಿ ಎನ್‌ಚಾಂಟೆಡ್ ಫಾರೆಸ್ಟ್ ತೆರೆಯಿತು. ಇವತ್ತಿಗೂ ಆ ಮನೆಯವರೇ ಅದನ್ನು ನಡೆಸುತ್ತಾರೆ. ಇಂಥ ಕಡೆ ಮೊಲದ ಕಣ್ಣು ಮೆಳ್ಳೆಯಾಗದೆ ಇನ್ನೇನಾಗುತ್ತೆ? ಕಬ್ಬಿಣದ ಕಂಬಿ ಬಗ್ಗಿಸಿ, ಜಾಲರಿ ಸುತ್ತಿ, ಗಾರೆ ಮೆತ್ತಿ, ಬಣ್ಣ ಬಳಿದ ಕೈ ಅದು. ಅಚ್ಚಿನಲ್ಲಿ ಎರಕ ಹೊಯ್ದ ಸಾವಿರ ಮೊಲಗಳಿಗಿಂತ ನನಗಂತೂ ಈ ಒಂದು ಮೊಲವೇ ಇಷ್ಟ. ಮಕ್ಕಳಿಗೆ ಅದೊಂದು ತಪ್ಪು ಅಂತಲೇ ಅನ್ನಿಸಲ್ಲ. “ಅದು ಯಾಕೆ ಎರಡು ಕಡೆ ನೋಡ್ತಿದೆ?” ಅಂತ ಕೇಳುತ್ತಾರೆ, ಅಲ್ಲಿಂದ ಹೊಸ ಕಥೆ ಶುರು.

ತೋಳದ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನಿಜವಾದ ಚಿಂತೆ ಅದೇ ಅಂತ ನನಗನ್ನಿಸಿತು.

ಮೂರು-ನಾಲ್ಕು ವರ್ಷದ ಮಗು ತೋಳ, ಮಾಟಗಾತಿ, ಮುಖವಾಡಕ್ಕೆಲ್ಲ ಹೆದರೋದು ಮಾಮೂಲು. ತೋಳ ನಿಜವಲ್ಲ ಅಂತ ಬಾಯಲ್ಲಿ ಹೇಳುತ್ತಾರೆ, ಆದರೂ ಎದೆ ಡವಡವ ಅನ್ನುತ್ತೆ. ಗೊತ್ತಿದ್ದೂ ಕತ್ತಲಲ್ಲಿ ನಮಗೂ ಹಾಗೇ ಆಗುತ್ತಲ್ಲ. “ಅಯ್ಯೋ, ಸುಮ್ನೆ ಬೊಂಬೆ ಅದು, ಹೆದರಬೇಡ” ಅಂದರೆ ಅವಳ ಭಯ ಹೋಗಲ್ಲ. ಭಯ ಆಗ್ತಿದೆ ಅಂತ ನಿಮ್ಮ ಹತ್ತಿರ ಹೇಳೋದನ್ನು ಬಿಡುತ್ತಾಳೆ, ಅಷ್ಟೇ.

ನಾನು ಮಾಡೋದು ಹೀಗೆ. ಹೋಗುವ ಮೊದಲೇ ಅಲ್ಲಿ ತೋಳ ಇದೆ ಅಂತ ಹೇಳಿಬಿಡಿ. ತಿರುವಿನಲ್ಲಿ ತಟ್ಟನೆ ಎದುರಾಗುವುದಕ್ಕಿಂತ ಮನೆಯಲ್ಲೇ ಫೋಟೋದಲ್ಲಿ ನೋಡಿಕೊಂಡು ಹೋಗೋದು ಮೇಲು. ಪಾರ್ಕಿನಲ್ಲಿ ತೋಳ ದೂರದಿಂದ ಕಂಡ ಕೂಡಲೇ ನಿಲ್ಲಿ. ಕೂತುಕೊಳ್ಳಿ, ಅವಳ ಕಣ್ಣಿನ ಮಟ್ಟಕ್ಕೆ. “ಇಲ್ಲಿಂದ ನೋಡೋಣ್ವಾ? ಇನ್ನೂ ಹಿಂದೆ ಹೋಗಿ ನೋಡೋಣ್ವಾ?” ಅಂತ ಕೇಳಿ. ಎಷ್ಟು ದೂರ ಅನ್ನೋದು ಅವಳ ಕೈಯಲ್ಲಿರಲಿ. ಅದು ಅಲುಗಾಡುವ, ಶಬ್ದ ಮಾಡುವ ಬೊಂಬೆಯಾದರೆ ಒಂದು ಸುತ್ತು ಪೂರ್ತಿ ದೂರದಿಂದಲೇ ನೋಡಲಿ. ತಲೆ ಎತ್ತುತ್ತೆ, ಊಳಿಡುತ್ತೆ, ಸುಮ್ಮನಾಗುತ್ತೆ, ಮತ್ತೆ ತಲೆ ಎತ್ತುತ್ತೆ. ಮುಂದೇನು ಅಂತ ಗೊತ್ತಾದ ಮೇಲೆ ಅರ್ಧ ಭಯ ಇಳಿಯುತ್ತದೆ. ನಾನು ನೋಡಿದ ಒಬ್ಬ ಹುಡುಗ ಮೂರನೇ ಸುತ್ತಿಗೆ ತೋಳಕ್ಕಿಂತ ಮೊದಲೇ ತಾನು ಊಳಿಟ್ಟು, ಅದು ಊಳಿಟ್ಟಾಗ “ನೋಡು, ನಾನು ಹೇಳಿಕೊಟ್ಟೆ” ಅಂದಿದ್ದ.

ಮಗಳು ಹತ್ತಿರ ಹೋಗಲ್ಲ ಅಂದರೆ ಬೇಡ. ತೋಳ ಮುಟ್ಟಿಬಂದವರಿಗೆ ಪದಕ ಏನೂ ಕೊಡಲ್ಲ. ಅವಳನ್ನು ಎತ್ತಿಕೊಂಡು ಹೋಗಿ ತೋಳದ ಬಾಯಿಯ ಹತ್ತಿರ ಹಿಡಿದು ಫೋಟೋ ತೆಗೆಯೋದು ಮಾತ್ರ ಖಂಡಿತ ಬೇಡ. ಅಣ್ಣನಿಗೂ ಮೊದಲೇ ಹೇಳಿಡಿ, ಹಿಂದಿನಿಂದ ಬಂದು ‘ಭೌ’ ಅನ್ನಬಾರದು ಅಂತ. ವೇಷ ಹಾಕಿಕೊಂಡು ಓಡಾಡುವವರು ಹತ್ತಿರ ಬಂದರೆ ನೀವೇ ಮೊದಲು ಕೈಬೀಸಿ, ಮಗು ನಿಮ್ಮ ಕಾಲಿನ ಹಿಂದೆ ನಿಂತೇ ನೋಡಲಿ. ಒಂದು ವಾರ ಬಿಟ್ಟು ಅವಳೇ ಮನೆಯಲ್ಲಿ ತೋಳದ ಆಟ ಶುರುಮಾಡಬಹುದು. ಆಗ ತೋಳ ಅವಳೇ, ಹೆದರುವ ಪಾರ್ಟು ನಿಮ್ಮದು. ಚೆನ್ನಾಗಿ ಹೆದರಿ.

ಎಂಟು ವರ್ಷದವನನ್ನು ಒಪ್ಪಿಸೋದು ಇದಕ್ಕಿಂತ ಸುಲಭ, ಆದರೆ “ಮಜಾ ಬರುತ್ತೆ ಬಾರೋ” ಅಂದರೆ ಆಗಲ್ಲ. ಪಾಪುಗಳ ಪಾರ್ಕು ಅಂದನಲ್ಲ, ಹೌದು ಅಂತ ಒಪ್ಪಿಕೊಳ್ಳಿ. ಆಮೇಲೆ ಅವನಿಗೆ ಪಾಪುಗಳಿಗೆ ಆಗದ ಕೆಲಸ ಕೊಡಿ. ಬೊಂಬೆಯ ದನಿ ಎಲ್ಲಿಂದ ಬರ್ತಿದೆ, ಸ್ಪೀಕರ್ ಎಲ್ಲಿ ಬಚ್ಚಿಟ್ಟಿದ್ದಾರೆ? ಬಾವಿಯೊಳಗಿನ ಬೆಳಕು ಯಾವ ಕಡೆಯಿಂದ? ಈ ಬೊಂಬೆ ಅಲುಗೋದು ಮೋಟಾರಿನಿಂದಲಾ, ನೀರಿನಿಂದಲಾ? ಒಂದು ನೋಟುಬುಕ್ಕು, ಪೆನ್ಸಿಲ್ ಇರಲಿ.

ಕಣ್ಣಿಗೆ ಮೋಸ ಮಾಡುವ ವಿದ್ಯೆಯೂ ಇಂಥ ಕಡೆ ಧಾರಾಳ. 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನ ಕೋಟೆಯ ಎತ್ತರ ಬರೀ 77 ಅಡಿ, ಸುಮಾರು 23 ಮೀಟರ್. ನೋಡಿದರೆ ಜಾಸ್ತಿ ಅನ್ನಿಸುತ್ತದೆ. ಬುಡದಲ್ಲಿ ಕಲ್ಲುಗಳನ್ನು ದೊಡ್ಡದಾಗಿ ಮಾಡಿ, ಮೇಲೆ ಹೋದಂತೆ ಚಿಕ್ಕದು ಮಾಡುತ್ತ ಹೋಗಿದ್ದಾರೆ. ಚಿಕ್ಕದು ಕಂಡರೆ ದೂರ ಇದೆ ಅಂತ ನಮ್ಮ ಕಣ್ಣು ಲೆಕ್ಕ ಹಾಕಿಬಿಡುತ್ತೆ. ಇದನ್ನು ಮಗನಿಗೆ ಹೇಳಿ, “ನಾವು ಹೋಗೋ ಪಾರ್ಕಿನ ಕೋಟೆಯಲ್ಲೂ ಹೀಗೇ ಮಾಡಿದಾರಾ ನೋಡ್ಕೊಂಡು ಬಾ” ಅನ್ನಿ. ಅಲ್ಲಿ ಕಿಟಕಿ, ಇಟ್ಟಿಗೆ ಎಲ್ಲ ಅಳೆಯುತ್ತ ಕೂರುತ್ತಾನೆ. ಒಂದು ಎಚ್ಚರಿಕೆ: ಕಂಡುಹಿಡಿದ ಗುಟ್ಟು ತಂಗಿಗೆ ಹೇಳಬಾರದು ಅನ್ನೋ ಒಪ್ಪಂದ ಇರಲಿ. ಅವಳು ಕೇಳಿದರೆ ಮಾತ್ರ ಹೇಳಬಹುದು. ಗುಟ್ಟು ಕಾಪಾಡೋದರಲ್ಲೇ ಅವನು ದೊಡ್ಡವನಾಗುತ್ತಾನೆ. ಆಮೇಲೆ ಮಧ್ಯಾಹ್ನದ ಹೊತ್ತಿಗೆ ಅವನೇ ಹಡಗಿನ ಮೇಲೆ ನಿಂತು ಕಪ್ತಾನನಾಗಿ ಕೂಗುತ್ತಿದ್ದರೆ, ನೀವು “ಪಾಪುಗಳ ಪಾರ್ಕು ಅಂದಿದ್ದೆಯಲ್ಲೋ” ಅಂತ ಮಾತ್ರ ಅನ್ನಬೇಡಿ.

ಮನೆಯಲ್ಲಿ ಮಾಡಬೇಕಾದ ತಯಾರಿ ಅಂದರೆ ಕಥೆ ಹೇಳೋದು. ಅಲ್ಲಿರುವ ಎಲ್ಲ ಕಥೆ ಬೇಡ, ಎರಡೋ ಮೂರೋ ಸಾಕು. ವಾರ ಮೊದಲಿನಿಂದ ದಿನಾ ರಾತ್ರಿ ಅವನ್ನೇ ತಿರುತಿರುಗಿ ಹೇಳಿ. ಗೊತ್ತಿರುವ ಕಥೆಯ ಮನೆ ಎದುರಿಗೆ ಬಂದಾಗ ಮಗುವಿನ ಮುಖ ನೋಡಬೇಕು. ಗೊತ್ತಿಲ್ಲದ ಕಥೆಯದ್ದಾದರೆ ಅದು ಒಂದು ಬಣ್ಣದ ಗೋಡೆ, ಅಷ್ಟೇ. ಪುಸ್ತಕ ಪಾರ್ಕಿಗೆ ಒಯ್ಯಬೇಡಿ, ಅಲ್ಲಿ ಓದಿಹೇಳುತ್ತ ನಿಂತರೆ ಯಾರೂ ಕೇಳಲ್ಲ. ನೀವು ಹೇಳಿದ ಕಥೆಗೂ ಅಲ್ಲಿ ಮಾಡಿಟ್ಟಿದ್ದಕ್ಕೂ ವ್ಯತ್ಯಾಸ ಇದ್ದರೆ ಒಳ್ಳೇದೇ ಆಯ್ತು. “ಅಮ್ಮ ಹೇಳಿದ್ದು ಹೀಗಲ್ಲ” ಅಂತ ಜಗಳ ಮಾಡಲಿ.

ಹೊತ್ತು: ಬೆಳಗ್ಗೆ ಬಾಗಿಲು ತೆರೆಯುವಾಗಲೇ ಹೋಗಿ. ಮೂರೂವರೆ ವರ್ಷದವಳಿಗೆ ಎರಡು ಗಂಟೆ ಒಳ್ಳೇ ಆಟ ಸಾಕು, ಮೂರನೇ ಗಂಟೆ ಬರೀ ರಂಪ. ಅವಳ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಹೊರಗೆ ಬಂದಿರಬೇಕು.

ಜಾರುಬಂಡೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಕಥೆ ಪಾರ್ಕುಗಳಲ್ಲಿ ತಿಮಿಂಗಿಲದ ನಾಲಿಗೆ, ಡ್ರ್ಯಾಗನ್ ಬಾಲ, ದೈತ್ಯನ ತೋಳು ಎಲ್ಲ ಜಾರುಬಂಡೆಯೇ. ಚಿಕ್ಕವಳು ಹೆದರುತ್ತಾಳೆ ಅಂತ ತೊಡೆ ಮೇಲೆ ಕೂರಿಸಿಕೊಂಡು ಜಾರೋಣ ಅನ್ನಿಸುತ್ತೆ, ಅಲ್ವಾ? ಮಾಡಬೇಡಿ. ಮಗುವಿನ ಕಾಲು ಪಕ್ಕದ ಅಂಚಿಗೆ ಸಿಕ್ಕಿಕೊಂಡರೆ ಕಾಲು ಅಲ್ಲೇ ನಿಲ್ಲುತ್ತದೆ. ನಿಮ್ಮ ಭಾರಕ್ಕೆ ಮೈ ಮಾತ್ರ ಕೆಳಗೆ ಹೋಗುತ್ತದೆ. ಮೊಣಕಾಲಿನ ಕೆಳಗಿನ ಎಲುಬು ತಿರುಚಿ ಮುರಿಯುತ್ತದೆ. ಮಗು ಒಂದೇ ಜಾರಿದರೆ ಕಾಲು ಸಿಕ್ಕಿದ ಕೂಡಲೇ ನಿಂತುಬಿಡುತ್ತದೆ, ಅದರ ಭಾರ ಅಷ್ಟೇ ತಾನೇ. 2002ರಿಂದ 2015ರ ನಡುವೆ ಅಮೆರಿಕದಲ್ಲಿ ಆರು ವರ್ಷದೊಳಗಿನ ಸುಮಾರು ಮೂರೂವರೆ ಲಕ್ಷ ಮಕ್ಕಳು ಜಾರುಬಂಡೆಯಲ್ಲಿ ಪೆಟ್ಟು ಮಾಡಿಕೊಂಡರು ಅಂತ ಅಲ್ಲಿನ ಒಂದು ಅಧ್ಯಯನದ ಅಂದಾಜು. ಎಲುಬು ಮುರಿದದ್ದೇ ಹೆಚ್ಚು. ಅವಳು ಒಬ್ಬಳೇ ಜಾರಲ್ಲ ಅಂದರೆ ಆ ಜಾರುಬಂಡೆ ಅವಳಿಗೆ ಇನ್ನೂ ದೊಡ್ಡದು ಅಂತ ಅರ್ಥ. ಚಿಕ್ಕದೊಂದು ಇದ್ದೇ ಇರುತ್ತೆ.

ಬಿಸಿಲಲ್ಲಿ ಕಾದ ಲೋಹ, ಕಪ್ಪು ಬಣ್ಣದ ಪ್ಲಾಸ್ಟಿಕ್ ಚರ್ಮ ಸುಡುತ್ತದೆ, ಮೊದಲು ನಿಮ್ಮ ಅಂಗೈ ಇಟ್ಟು ನೋಡಿ. ಕುತ್ತಿಗೆ ಹತ್ತಿರ ದಾರ, ಲಾಡಿ ಇರುವ ಬಟ್ಟೆ ಬೇಡ. ಹಳೇ ಬೊಂಬೆಗಳ ಬಣ್ಣ ಚಕ್ಕೆ ಚಕ್ಕೆ ಏಳುತ್ತಿದ್ದರೆ ಕೀಳಲು ಬಿಡಬೇಡಿ. ಹಿಂದೆ ಬಣ್ಣಕ್ಕೆ ಸೀಸ ಹಾಕುತ್ತಿದ್ದರು, ಅಮೆರಿಕ ಮನೆಬಣ್ಣದಲ್ಲಿ ಅದನ್ನು ನಿಷೇಧಿಸಿದ್ದೇ 1978ರಲ್ಲಿ. ಮುಟ್ಟಿದರೆ ಏನೂ ಆಗಲ್ಲ, ಬಾಯಿಗೆ ಹೋಗಬಾರದು. ತಿನ್ನುವ ಮೊದಲು ಸೋಪು ಹಾಕಿ ಕೈ ತೊಳೆಸಿ.

ಕಳೆದುಹೋಗುವ ಭಯ ಎಲ್ಲರಿಗೂ ಇರುತ್ತದೆ. ಬೆಳಗ್ಗೆ ಹೊರಡುವಾಗ ಇಬ್ಬರದ್ದೂ ಅವತ್ತಿನ ಬಟ್ಟೆಯಲ್ಲಿ ಒಂದು ಫೋಟೋ ತೆಗೆದಿಡಿ, ಗಾಬರಿಯಲ್ಲಿ ಅಂಗಿ ಬಣ್ಣ ನೆನಪಾಗಲ್ಲ. ಮುಂಗೈ ಮೇಲೆ ಪೆನ್ನಿನಲ್ಲಿ ಫೋನ್ ನಂಬರ್ ಬರೆಯಿರಿ. “ನಾವು ಕಾಣದಿದ್ದರೆ ಅಲ್ಲೇ ನಿಲ್ಲು, ನಾವೇ ಬರ್ತೀವಿ” ಅಂತ ಮಗಳಿಗೆ ಮನೆಯಲ್ಲೇ ಎರಡು ಸಲ ಆಡಿಸಿ. ನೀವೂ ಅವಳೂ ಹುಡುಕುತ್ತ ತಿರುಗಿದರೆ ಒಬ್ಬರಿಗೊಬ್ಬರು ಸಿಗೋದು ಕಷ್ಟ.

ಅತ್ತೆಯವರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನ್ನ ಲೆಕ್ಕದಲ್ಲಿ ಅವತ್ತಿನ ಮುಖ್ಯ ಪಾತ್ರ ಅವರದ್ದೇ. ಅವರನ್ನು ನಿಮ್ಮ ಜೊತೆ ಎಲ್ಲ ಕಡೆ ನಡೆಸಬೇಡಿ. ಪಾರ್ಕಿನ ಮಧ್ಯೆ ನೆರಳಿರುವ ಒಂದು ಬೆಂಚು ನೋಡಿ ಕೂರಿಸಿ. ಅದೇ ನಿಮ್ಮ ಠಾಣೆ. ನೀರು, ಬ್ಯಾಗು ಎಲ್ಲ ಅಲ್ಲಿರಲಿ, ತಪ್ಪಿಸಿಕೊಂಡರೆ ಮಗ ಬಂದು ಸೇರಬೇಕಾದ ಜಾಗವೂ ಅದೇ. ಮಕ್ಕಳು ಒಂದೊಂದು ಕಥೆ ನೋಡಿ ಓಡಿಬಂದು ಅಜ್ಜಿಗೆ ವರದಿ ಒಪ್ಪಿಸಲಿ. “ಅಜ್ಜಿ, ಆನೆ ಬಾಯಲ್ಲಿ ಹಕ್ಕಿ ಗೂಡು ಕಟ್ಟಿದೆ!” ಅಜ್ಜಿ ನೋಡಿಲ್ಲವಾದ್ದರಿಂದ ಮಗು ಪೂರ್ತಿ ಬಿಡಿಸಿ ಹೇಳಲೇಬೇಕು. ಜೊತೆಗೇ ಇದ್ದು ಎಲ್ಲ ನೋಡಿದ ನಿಮಗೆ ಈ ವರದಿ ಸಿಗಲ್ಲ.

ಹೊರಡುವಾಗ ಅಳು ಬಂದೇ ಬರುತ್ತೆ. “ಇನ್ನು ಐದು ನಿಮಿಷ” ಅಂದರೆ ಆ ವಯಸ್ಸಿಗೆ ಏನೂ ಅರ್ಥವಾಗಲ್ಲ. “ಇನ್ನೆರಡು ಸಲ ಜಾರು, ಆಮೇಲೆ ಅಜ್ಜಿ ಹತ್ತಿರ ಹೋಗೋಣ” ಅಂದರೆ ಆಗುತ್ತೆ. ಕೊನೇಗೆ ಅವಳಿಗೆ ಇಷ್ಟವಾದ ಒಂದು ಬೊಂಬೆಗೆ ಟಾಟಾ ಹೇಳಿಸಿ. ದಾರಿಯಲ್ಲಿ “ಏನೇನು ನೋಡಿದೆ? ಏನು ಕಲಿತೆ?” ಅಂತ ಪರೀಕ್ಷೆ ತೆಗೆದುಕೊಳ್ಳಬೇಡಿ. ನಿಮಗೆ ಏನು ಇಷ್ಟವಾಯಿತು ಅಂತ ನೀವೇ ಹೇಳುತ್ತ ಹೋಗಿ, ಬೇಕಾದರೆ ಒಂದೆರಡು ತಪ್ಪು ಸೇರಿಸಿ. ತಿದ್ದೋಕೆ ಇಬ್ಬರೂ ಬಾಯಿ ಹಾಕುತ್ತಾರೆ.

ಫೋಟೋ ಕಡಿಮೆ ತೆಗೆದರೂ ಪರವಾಗಿಲ್ಲ, ಆ ಮೆಳ್ಳೆಗಣ್ಣಿನ ಮೊಲದ್ದು ಮಾತ್ರ ತಪ್ಪಿಸಬೇಡಿ. ಮುಂದಿನ ಸಲ ಬಣ್ಣ ಬಳಿಯೋಕೆ ಬಂದವರು ಯಾರಾದರೂ ಕಣ್ಣು ಸರಿಮಾಡಿಬಿಡಬಹುದು.